ನೋವಿನ ಚೌಕಾಸಿ

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮೊಬೈಲು ಕೇಳಿತು: "ಇಂದು ನಿಮ್ಮ ನೋವು ಎಷ್ಟು? ಸೊನ್ನೆಯಿಂದ ಹತ್ತರೊಳಗೆ ತಿಳಿಸಿ."

"ಎಂಟು ಒತ್ತು," ಎಂದರು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಹೆಂಡತಿಗೆ. ಕೀಮೋ ಶುರುವಾದ ಮೇಲೆ ಅವರ ಬೆರಳ ತುದಿಗಳು ಜೋಮು ಹಿಡಿದು, ಒಣಗಿ ಸಿಪ್ಪೆಯೆದ್ದಿದ್ದವು. ಎಷ್ಟು ಒತ್ತಿದರೂ ಮೊಬೈಲಿನ ಗಾಜು ಅವರನ್ನು ಮನುಷ್ಯರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕ್ಯಾನ್ಸರ್ ಆಸ್ಪತ್ರೆಯವರು ಆ್ಯಪ್ ಹಾಕಿಕೊಟ್ಟು ಹೇಳಿದ್ದಿಷ್ಟೇ: ಏಳು ಮುಟ್ಟಿದರೆ ಡಾಕ್ಟರೇ ಫೋನ್ ಮಾಡಿ ಮಾತ್ರೆ ಬದಲಿಸುತ್ತಾರೆ. ಈಗಿನ ಮಾತ್ರೆ ಮೂರು ದಿನದಿಂದ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಹೆಂಡತಿಯ ಬೆರಳು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ವಿಚಾರಿಸಿಕೊಳ್ಳಲು ಬಂದ ಅತ್ತಿಗೆ ಕತ್ತು ಚಾಚಿ ನೋಡಿದರು.

"ಎಂಟಂತೆ ಎಂಟು! ಮೂರು ಹೆತ್ತಿದೀನಪ್ಪ ನಾನು. ಒಂದೊಂದೂ ಹತ್ತು. ನೀನು ಆರಾಮಾಗಿ ಪೇಪರ್ ಓದ್ತಾ ಕೂತಿದೀಯ. ಆರು ಅಂತ ಹಾಕು."

"ಪೇಪರ್ ತಲೆಕೆಳಗಾಗಿದೆ, ಅತ್ತಿಗೆ," ಎಂದರು ಇನ್ಸ್‌ಪೆಕ್ಟರು. ಯಾರೂ ತಿರುಗಿ ನೋಡಲಿಲ್ಲ.

ಆ ಪೇಪರಿಗೇ ಕಾದಿದ್ದ ಮಹಡಿಮನೆಯ ಮೇಷ್ಟ್ರು ಕೆಳಗಿಳಿದು ಬಂದರು. "ಆರಾ? ಮೂವತ್ತೈದು ವರ್ಷ ಮಾರ್ಕ್ಸ್ ಹಾಕಿರೋನು ಸಾರ್ ನಾನು. ಮೊದಲನೇ ತಿಂಗಳಲ್ಲೇ ಆರು ಕೊಟ್ಬಿಟ್ರೆ ಹೇಗೆ? ಒಂದಿಷ್ಟು ಮಿಗಿಸ್ಕೊಳ್ಳಿ. ಮುಂದಕ್ಕೆ ಬೇಕಾಗತ್ತೆ."

ಒಂದು ಕ್ಷಣ ಎಲ್ಲರೂ ಫ್ಯಾನು ನೋಡಿದರು.

"ಅಂದ್ರೆ... ನಾಲ್ಕು ಹಾಕಿ ಅಂತ," ಎಂದು ಮೇಷ್ಟ್ರು ಕೆಮ್ಮಿದರು.

ಅಂಗಡಿ ಅಂಗಡಿ ಅಲೆದು, ತಕ್ಕಡಿಯಡಿ ಅಯಸ್ಕಾಂತ ಅಂಟಿಸಿದವರನ್ನು ಕೈಯಾರೆ ಹಿಡಿದಿದ್ದ ಇನ್ಸ್‌ಪೆಕ್ಟರು, ತಮ್ಮದೇ ನೋವು ಕಣ್ಣೆದುರಿಗೇ ತೂಕ ಕಳೆದುಕೊಳ್ಳುವುದನ್ನು ಸುಮ್ಮನೆ ನೋಡುತ್ತ ಕೂತರು.

"ಎರಡು ಒತ್ತಲೇನ್ರೀ?" ಹೆಂಡತಿಯ ದನಿ ತೀರಾ ಸಣ್ಣದಾಗಿತ್ತು. "ಎರಡು ಅಂದ್ರೆ ನಂಗೆ ಸ್ವಲ್ಪ ಧೈರ್ಯ ಬರತ್ತೆ."

ಇನ್ಸ್‌ಪೆಕ್ಟರು ಪೇಪರ್ ಮಡಚಿ ಮೇಷ್ಟ್ರ ಕೈಗಿಟ್ಟರು. "ಒತ್ತು," ಎಂದರು.

ಗಾಜಿನ ಮೇಲೊಂದು ನಗುವ ಮುಖ ಅರಳಿತು: "ಶಭಾಷ್! ಹೀಗೇ ಮುಂದುವರಿಯಿರಿ."

ಹನ್ನೆರಡರ ಹೊತ್ತಿಗೆ ಬೆನ್ನೊಳಗೆ ಯಾರೋ ಮೊಂಡು ಗರಗಸ ಎಳೆಯತೊಡಗಿದರು. ಹರಟೆಗೆ ಕೂತವರು ಮಾತ್ರ ಎದ್ದಿರಲಿಲ್ಲ. ಇನ್ಸ್‌ಪೆಕ್ಟರು ಮೊಬೈಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದರು. ಬೆರಳು ಒತ್ತಿದರು, ಆಗಲಿಲ್ಲ. ಮೊಣಕೈ ಒತ್ತಿದರು, ಟಾರ್ಚು ಹೊತ್ತಿಕೊಂಡಿತು. ಕೊನೆಗೆ ಕಾಳು ಕುಕ್ಕುವ ಕೋಳಿಯಂತೆ ಬಗ್ಗಿ ಮೂಗಿನಿಂದ ಕುಕ್ಕಿದರು. ನಾಲ್ಕನೆಯ ಏಟಿಗೆ ಬಿತ್ತು: ಹತ್ತು!

ಎರಡೇ ನಿಮಿಷಕ್ಕೆ ಫೋನು. ಮೊಬೈಲಿನ ಸಮೇತ ಗೋಡೆ ಹಿಡಿದುಕೊಂಡೇ ಹೊರಗೆ ಓಡಿಬಂದರು. ಹೆಂಡತಿ ಅದನ್ನು ಇಸಿದುಕೊಂಡು ಸ್ಪೀಕರ್ ಹಾಕಿದಳು.

"ಆಸ್ಪತ್ರೆಯಿಂದ ಸಾರ್."

"ಹೇಳಮ್ಮ! ಡಾಕ್ಟರಿಗೆ ಕೊಡ್ತೀಯಾ?"

"ಬೆಳಿಗ್ಗೆ ಎರಡು, ಈಗ ಹತ್ತು ಹಾಕಿದೀರಿ ಸಾರ್. ಒಂದೇ ದಿನ ಎರಡು ಸಲ ಹಾಕಿದ್ರೆ ಕಂಪ್ಯೂಟರು ಸರಾಸರಿ ತಗೊಳತ್ತೆ. ಆರು ಬಂದಿದೆ. ಏಳಾಗಿದ್ರೆ ಡಾಕ್ಟರೇ ಮಾಡೋರು."

"ಮತ್ತೆ ನೀನ್ಯಾಕಮ್ಮ ಮಾಡಿದೆ?"

"ಮನೆಯಿಂದ್ಲೇ ನೋವು ತಿಳಿಸೋ ನಮ್ಮ ಸೇವೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಸಾರ್? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಇನ್ಸ್‌ಪೆಕ್ಟರು ಉಸಿರೆಳೆದುಕೊಂಡು ಬಾಯಿ ತೆರೆದರು. "ಸೊ..."

"ಹತ್ತು ಅನ್ನಿ ಸಾರ್, ನಾಳೆ ಅವರ ಬಾಗಿಲಿಗೇ ಹೋಗ್ಬೇಕು!" ಮೇಷ್ಟ್ರು ತೊಡೆ ಚಿವುಟಿದರು.

"ಹತ್ತಮ್ಮ, ಹತ್ತು!" ಅತ್ತಿಗೆ ಫೋನಿಗೇ ಬಾಯಿಟ್ಟರು.

"ಹತ್ತೇ ಬರ್ಕೊಳ್ಳಿ," ಎಂದಳು ಹೆಂಡತಿ, ಕಣ್ಣೊರೆಸಿಕೊಂಡು.

"ಹತ್ತು ಬರ್ಕೊಂಡೆ. ಥ್ಯಾಂಕ್ಯೂ ಸಾರ್."

ಈ ಸಲ ಯಾರೂ ಸರಾಸರಿ ತೆಗೆಯಲಿಲ್ಲ.