ಅಂಬಿಗನ ಚೀಟಿಗೆ ನಾನು ಬರೆದ ಫಲ

ಪುಸ್ತಕ ಬರೆದವರಿಗೆಲ್ಲ ತಮ್ಮ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡಬೇಕೆಂಬ ಆಸೆ ಇರುತ್ತದಂತೆ. ನನಗೆ ಆ ಆಸೆ ಎಂದೂ ಇರಲಿಲ್ಲ. ನನ್ನ ಕೃತಿ ಮೂರು ಸಂತೆಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಜನ ಕುಕ್ಕರಗಾಲಲ್ಲಿ ಕೂತು, ಬಾಯಿ ಬಿಟ್ಟುಕೊಂಡು ಕೇಳಿದ್ದಾರೆ. ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಾರೆ. ಬರೆದವನು ಕಂಪಲಾಪುರದ ಪ್ರೈಮರಿ ಸ್ಕೂಲಿನ ಮೇಷ್ಟ್ರೆಂದು ಅವರಿಗೆ ತಿಳಿಯದು. ತಿಳಿಯದೇ ಇರಲಪ್ಪ ಎಂದು ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಏಕೆಂದರೆ ನಾನು ಬರೆದದ್ದು ಗಿಣಿಶಾಸ್ತ್ರದ ಚೀಟಿಗಳ ಫಲ. ಅದನ್ನು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿದವಳು ನಮ್ಮ ಅಕ್ಕ.

ಇದಕ್ಕೆಲ್ಲ ಮೂಲ ನನ್ನ ದುಂಡಗಿನ ಅಕ್ಷರ. ರೂಪದಲ್ಲಿ, ಸಂಬಳದಲ್ಲಿ, ಹಾಡುಗಾರಿಕೆಯಲ್ಲಿ ದೇವರು ನನಗೆ ಕೈಕೊಟ್ಟಿದ್ದರಿಂದ ನನ್ನ ಜಂಬವೆಲ್ಲ ಅಕ್ಷರಕ್ಕೇ ಹರಿದುಬಂದಿತ್ತು. ಒತ್ತಕ್ಷರ ಬಂದಾಗಲೆಲ್ಲ ಅದರ ಬಾಲವನ್ನು ಉದ್ದಕ್ಕೆಳೆದು ತುದಿಯನ್ನು ಮೇಲಕ್ಕೆ ಕೊಂಕಿಸುವುದು ನನ್ನ ಚಾಳಿ. ಚಿಕ್ಕಂದಿನಲ್ಲಿ ಮರಳಿನ ಮೇಲೆ ತಿದ್ದುತ್ತಿದ್ದಾಗ ಅಕ್ಕ ಪಕ್ಕದಲ್ಲಿ ಕೂತು, "ಇದೇನ್ಲಾ, ಹಸೀನ ಕರ ಬಾಲ ಎತ್ಕೊಂಡು ಓಡ್ದಂಗೆ!" ಎಂದು ನಗುತ್ತಿದ್ದಳು. ಅವಳನ್ನು ಯಾರೂ ಸ್ಕೂಲಿಗೆ ಕಳಿಸಲಿಲ್ಲ. ಮುಂದೆ ಇನ್‌ಸ್ಪೆಕ್ಟರು ತಪಾಸಣೆಗೆ ಬಂದಾಗ, "ಮೇಷ್ಟ್ರೇ, ಈ ಬಾಲಗಳನ್ನು ಕತ್ತರಿಸಿದರೆ ಸರ್ಕಾರಕ್ಕೆ ಎಷ್ಟೋ ಶಾಯಿ ಉಳಿಯುತ್ತೆ" ಎಂದರು. ನಾನು ಆ ಮಾತನ್ನು ಹೊಗಳಿಕೆಯೆಂದೇ ಜಮಾ ಮಾಡಿಕೊಂಡೆ.

ಈ ಕೀರ್ತಿಯನ್ನು ಕೇಳಿ ಹುಣಸೂರಿನ ಗಿಣಿ ಸಿದ್ದಪ್ಪ ಒಂದು ಕುಕ್ಕೆ ಅವರೆಕಾಯಿಯೊಡನೆ ಬಂದ. ಇಪ್ಪತ್ತೇಳು ಚೀಟಿಗಳ ಕಟ್ಟು ಅವನ ಅಜ್ಜನ ಕಾಲದ್ದು. ಮುಂಭಾಗದಲ್ಲಿ ಚಿತ್ರ, ಹಿಂಭಾಗದಲ್ಲಿ ಫಲ. ಬೆವರಿಗೂ ಮಳೆಗೂ ಅಕ್ಷರವೆಲ್ಲ ಅಳಿಸಿಹೋಗಿತ್ತು. ಸಿದ್ದಪ್ಪನಿಗೆ ಕೂಡಿಸಿಕೊಂಡು ಓದಲು ಬರುತ್ತಿತ್ತು, ಬರೆಯಲು ಕೈ ಬಗ್ಗುತ್ತಿರಲಿಲ್ಲ. "ಬಾಯಲ್ಲಿ ಯೋಳುದ್ರೆ ಜನ ನಂಬಾಕಿಲ್ಲ ಮೇಷ್ಟ್ರೇ, ಬರ್ದಿರೋದ್ನ ತೋರಿಸ್ಬೇಕು. ಏನಾರ ಒಳ್ಳೇದು ಬರ್ಕೊಡಿ" ಎಂದ. ನಾನು ಅವರೆಕಾಯಿಯನ್ನು ಒಳಗೆ ಕಳಿಸಿ ಭವಿಷ್ಯ ಬರೆಯಲು ಕೂತೆ.

ಅದರಲ್ಲೊಂದು, ದೂರ ಹೋದವರ ವಿಷಯಕ್ಕೆಂದು ಎಲ್ಲ ಗಿಣಿಯವರ ಕಟ್ಟಿನಲ್ಲೂ ಇರುವ ಅಂಬಿಗನ ಚೀಟಿ. ಹೊಳೆಯ ಮೇಲೆ ದೋಣಿ, ಅದರಲ್ಲಿ ಗಂಟು ಹಿಡಿದು ಕೂತ ಒಬ್ಬ ಮನುಷ್ಯ, ಹಿಂದೆ ಕೋಲು ಹಾಕುತ್ತಿರುವ ಅಂಬಿಗ. ಸಿದ್ದಪ್ಪನ ಕಟ್ಟಿನಲ್ಲಿ ಅಂಬಿಗನಿಗೆ ಪಟೇಲರ ಮೀಸೆ. ದೋಣಿಗಿಂತ ಅವನೇ ದೊಡ್ಡವನು. ಅದನ್ನು ನೋಡಿದೊಡನೆ ನನಗೆ ಭಾವನ ನೆನಪಾಯಿತು. ಅಕ್ಕನನ್ನು ಹಂಪಾಪುರಕ್ಕೆ ಕೊಟ್ಟಿದ್ದೆವು. ಭಾವನಿಗೆ ಬೇಸಾಯದಲ್ಲಿ ಮನಸ್ಸು ನಿಲ್ಲದು. ಕೊಡಗಿನ ಕಾಫಿತೋಟಕ್ಕೆ ಹೋದರೆ ಮೇಸ್ತ್ರಿ ಕೆಲಸ ಸಿಗುತ್ತದೆ ಎಂದು ಬುದ್ಧಿ ಹೇಳಿದವನು ನಾನೇ. ತೋಟದ ರೈಟರಿಗೆ ಬಾಲಗಳ ಸಮೇತ ಕಾಗದ ಬರೆದುಕೊಟ್ಟು, ಹೊಳೆಯ ತನಕ ಗಂಟು ಹೊತ್ತು ದೋಣಿ ಹತ್ತಿಸಿ ಬಂದಿದ್ದೆ. ಅಕ್ಕ ಅಂದಿನಿಂದ ನನ್ನ ಮನೆಯಲ್ಲೇ ಇದ್ದಳು. ಆ ಚೀಟಿಯ ಹಿಂದೆ ಧಾರಾಳವಾಗಿ ಬರೆದೆ: "ಹೊಳೆ ದಾಟಿದವರು ಬಂದೇ ಬರುತ್ತಾರೆ."

ಆ ಮುಂಗಾರಿಗೆ ಬರುತ್ತೇನೆಂದಿದ್ದ ಭಾವ ಬರಲಿಲ್ಲ. ಕೊಡಗಿನ ಕಡೆಯ ಗಾಡಿಯವನೊಬ್ಬ ಸ್ಕೂಲಿನ ಬಾಗಿಲಿಗೆ ಬಂದು ಒಂದು ಕಂಬಳಿಯನ್ನೂ ಎಲೆಯಡಿಕೆ ಸಂಚಿಯನ್ನೂ ನನ್ನ ಕೈಗಿಟ್ಟು, "ಚಳಿಜ್ವರ ಸ್ವಾಮಿ, ಮೂರೇ ದಿವ್ಸ" ಎಂದು ಹೊರಟುಹೋದ. ನಾನು ಅವೆರಡನ್ನೂ ಸ್ಕೂಲಿನ ಬೀರುವಿನಲ್ಲಿ, ಭೂಪಟದ ಸುರುಳಿಗಳ ಹಿಂದೆ ಬಚ್ಚಿಟ್ಟೆ. ಸಂಜೆ ಮನೆಗೆ ಹೋದರೆ ಅಕ್ಕ ರಾಗಿ ಬೀಸುತ್ತಿದ್ದಳು. ಹಣೆಯಲ್ಲಿ ಕಾಸಿನಗಲ ಕುಂಕುಮ. ಅದನ್ನು ಅಳಿಸುವ ಕೈ ನನ್ನದಾಗಬಾರದು ಎಂದುಕೊಂಡೆ. ಎರಡು ವರ್ಷ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಅವಳು ಹೇಳಿದಂತೆ ಭಾವನಿಗೆ ಕಾಗದ ಬರೆಯುತ್ತಲೂ ಇದ್ದೆ; ಟಪಾಲಿಗೆ ಹಾಕುವ ಬದಲು ಅದೇ ಬೀರುವಿಗೆ ಹಾಕುತ್ತಿದ್ದೆ. ಹೇಡಿತನಕ್ಕೆ ಇಷ್ಟೊಂದು ಕೆಲಸ ಇರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಈ ನಡುವೆ ಸಿದ್ದಪ್ಪನ ವ್ಯಾಪಾರ ಕುದುರಿದ್ದನ್ನು ಕಂಡು ಅವನ ನೆಂಟರಿಬ್ಬರು ತಮ್ಮ ತಮ್ಮ ಕಟ್ಟುಗಳನ್ನು ಹೊತ್ತು ಬಂದರು. ಪಿರಿಯಾಪಟ್ಟಣದವನು ಸಪ್ಪೆಮೋರೆಯ ಆಸಾಮಿ. ಅವನ ಅಂಬಿಗನ ಚೀಟಿ ಬರೆದ ಚಿತ್ರಗಾರನಿಗೆ ನೀಲಿ ಬಣ್ಣ ಮುಗಿದಿತ್ತೆಂದು ಕಾಣುತ್ತದೆ. ದೋಣಿ ಒಣನೆಲದ ಮೇಲೆ ನಿಂತಿತ್ತು. "ಒಳ್ಳೇದೇ ಬರೀಬ್ಯಾಡಿ, ಹೆದರ್ಕೆ ಇರ್ಲಿ. ಇಲ್ದಿದ್ರೆ ತಾಯ್ತ ಯಾರು ಕಟ್ಟಿಸ್ಕತಾರೆ?" ಎಂದ. ನನ್ನ ಮನಸ್ಸೂ ಆಗ ಒಣನೆಲವೇ. "ದೋಣಿ ಹಿಂದಿರುಗುತ್ತದೆ, ಕೂತು ಹೋದವರು ಹಿಂದಿರುಗುವುದಿಲ್ಲ" ಎಂದು ಬರೆದೆ. ಬರೆದ ಮೇಲೆ ಎದೆ ಸ್ವಲ್ಪ ಹಗುರವಾಯಿತು. ಮನೆಯಲ್ಲಿ ಹೇಳಲಾರದ್ದನ್ನು ಗಿಣಿಗೆ ಹೇಳಿದ್ದೆ.

ಇನ್ನೊಬ್ಬ ಎಡತೊರೆಯವನು. ಅದಕ್ಕೆ ಕೃಷ್ಣರಾಜನಗರವೆಂದು ಹೆಸರಾಗಿದ್ದರೂ ನಮ್ಮ ಬಾಯಿಗೆ ಅದು ಎಡತೊರೆಯೇ. ಅವನ ಚಿತ್ರಗಳು ಬಟ್ಟೆ ಥಾನುಗಳ ಮೇಲೆ ಅಂಟಿಸಿ ಬರುವ ಬಣ್ಣದ ಚೀಟಿಗಳಿಂದ ಕತ್ತರಿಸಿದವು. ಕತ್ತರಿ ಜಾರಿ ಅಂಬಿಗನೇ ಹೋಗಿದ್ದ. ದೋಣಿ ತನ್ನಷ್ಟಕ್ಕೆ ಸಾಗುತ್ತಿತ್ತು. "ನಮ್ ಗಿರಾಕಿಗಳು ರೈಲಿಗೆ ಓಡೋರು, ಚಿಕ್ಕದಾಗಿ ಬರೀರಿ" ಎಂದ. ಕಾಣದ ಅಂಬಿಗನನ್ನು ಕುರಿತು ಚಮತ್ಕಾರ ಮಾಡೋಣವೆಂದು, "ಹೋದವರ ಸುದ್ದಿ ದಾಟಿಸಿದವನಿಗೆ ಗೊತ್ತು, ಅವನನ್ನೇ ಕೇಳು" ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅಕ್ಕನಿಗೆ ಗಿಣಿಯ ಹುಚ್ಚು ಹಿಡಿದದ್ದು ಹುಣಸೂರು ಸಂತೆಯಲ್ಲಿ. ಸಿದ್ದಪ್ಪನ ಗಿಣಿ ಮೊದಲು ಲಕ್ಷ್ಮಿಯ ಚೀಟಿ ಎಳೆಯಿತು. ಯಾರಾದರೂ ಅಷ್ಟಕ್ಕೆ ಸಂತೋಷಪಟ್ಟು ಎದ್ದುಬರುತ್ತಾರೆ. ಅಕ್ಕ, "ಇದಲ್ಲ ಕಣಪ್ಪ, ಇನ್ನೊಂದು ತೆಗೆಸು" ಎಂದಳು. ಗಣಪತಿ ಬಂದ, ನಾಗಪ್ಪ ಬಂದ; ಅವರನ್ನೂ ವಾಪಸು ಕಳಿಸಿದಳು. ಅಂಬಿಗ ಬಂದ ಮೇಲೆಯೇ ಸುಮ್ಮನಾದದ್ದು. ಸಿದ್ದಪ್ಪ ಓದಿದ. ಅಕ್ಕ ಚೀಟಿಯನ್ನು ಕೈಗೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ನಾನು ಪಕ್ಕದ ಹಗ್ಗದಂಗಡಿಯಲ್ಲಿ ಬೇಡದ ಹಗ್ಗವನ್ನು ಎಳೆದೆಳೆದು ನೋಡುತ್ತಾ ನಿಂತಿದ್ದೆ.

ಅಲ್ಲೂ ಒಂದು ಗಿಣಿ ಇದೆಯೆಂದು ಸಿದ್ದಪ್ಪನಿಂದ ತಿಳಿದು, ಮುಂದಿನ ವಾರ ಪಿರಿಯಾಪಟ್ಟಣದ ಸಂತೆಗೆ ಬಂಡಿ ಕಟ್ಟಿಸಿದಳು. ಬೇಡವೆಂದರೆ ಕಾರಣ ಹೇಳಬೇಕಲ್ಲ! ಅಲ್ಲಿಯೂ ಅದೇ ಹಟ, ಅದೇ ಚೀಟಿ. ಸಪ್ಪೆಮೋರೆಯವನು ಫಲವನ್ನು ಎಳೆದೆಳೆದು ಓದಿದ. ಅಕ್ಕ ಕಾಸು ಕೊಟ್ಟು ಎದ್ದಳು. ಬಂಡಿಯಲ್ಲಿ ಬಹುದೂರ ಬಂದ ಮೇಲೆ, "ಈ ಗಿಣಿ ಸುಳ್ಳು ಯೋಳಾಕಿಲ್ಲ ಅನ್ಸುತ್ತೆ ಕಣ್ಲಾ" ಎಂದಳು. "ಗಿಣಿಗೇನು ಗೊತ್ತಕ್ಕ? ಎಡತೊರೆಯಲ್ಲೊಂದಿದೆಯಂತೆ, ಅದು ಏನು ಹೇಳುತ್ತೋ ನೋಡೋಣ" ಎಂದುಬಿಟ್ಟೆ. ಅಂಥ ಸಂದರ್ಭದಲ್ಲೂ ನನ್ನ ಕೃತಿಯ ಮೂರನೆಯ ಭಾಗವನ್ನು ನಾನೇ ಶಿಫಾರಸು ಮಾಡಿದೆ.

ಎಡತೊರೆಗೆ ಹೋದದ್ದು ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಏರು ಬಂದಾಗಲೆಲ್ಲ ಎಲ್ಲರೂ ಇಳಿದು ತಳ್ಳಿದೆವು. ಅಕ್ಕನೂ ಸೆರಗು ಸಿಕ್ಕಿಸಿ ತಳ್ಳಿದಳು. ಗಿಣಿ ಅಲ್ಲಿ ನಾಲ್ಕನೆಯ ಸಲಕ್ಕೆ ಅಂಬಿಗನಿಲ್ಲದ ದೋಣಿಯನ್ನು ಎಳೆಯಿತು. ಫಲ ಕೇಳಿಯಾದ ಮೇಲೆ ಅಕ್ಕ ಕಾವೇರಿಯ ಮೆಟ್ಟಿಲಿಗೆ ನಡೆದು ಕೂತಳು. ನಾನೂ ಕೂತೆ.

"ದಾಟಿಸ್ದೋನ್ನ ಕೇಳು ಅಂತ ಬರ್ದಿದ್ದೀಯಲ್ಲ, ಕೇಳ್ತಾ ಇವ್ನಿ. ಅವ್ರನ್ನ ಹೊಳೆ ದಾಟಿಸ್ದೋನು ನೀನೇ ಅಲ್ವೇನ್ಲಾ? ಯೋಳು."

"ನಾನು ಬರೆದದ್ದೆಂದು ಯಾರು ಹೇಳಿದರಕ್ಕ?" ಎಂದೆ.

"ಓದಕ್ಕೆ ಬಾರ್ದಿದ್ರೆ ನಾನೇನು ಕುರುಡೀನಾ? ಕರ ಬಾಲ ಎತ್ಕೊಂಡು ಓಡಿದ್ದು ಮೂರು ಸಂತೇಲೂ ಕಾಣ್ತು. ನಾನು ಕಾಗ್ದ ಬರೆಸ್ದಾಗ ಮಾತ್ರ, ಆ ಮುಂಗಾರಿಂದೀಚೆಗೆ, ನಿನ್ನ ಅಕ್ಸರಕ್ಕೆ ಬಾಲವೇ ಇರ್ನಿಲ್ಲ. ಗಿಣಿ ಮುಂದೆ ಕೂತು ನಿನ್ನೇ ಕೇಳ್ತಿದ್ದೆ ಕಣೋ. ಒಂದೊಂದು ಕಡೆ ಒಂದೊಂದು ತರ ಯೋಳ್ದೆ."

ಹೇಳಿದೆ. ಗಾಡಿಯವನು, ಚಳಿಜ್ವರ, ಮೂರು ದಿವಸ, ಕಂಬಳಿ, ಸಂಚಿ. ಬೀರುವಿನಲ್ಲಿರುವ ಅವಳ ಕಾಗದಗಳ ವಿಷಯವನ್ನೂ ಹೇಳಿದೆ. ಅಕ್ಕ ಅಳಲಿಲ್ಲ, ನಾನು ಅತ್ತೆ. ಅವಳು ಎರಡು ಮೆಟ್ಟಿಲು ಇಳಿದು ಬೊಗಸೆ ನೀರೆತ್ತಿ ಮುಖ ತೊಳೆದುಕೊಂಡಳು; ಹಣೆಯ ಕುಂಕುಮ ನೀರಿನೊಡನೆ ಹೋಯಿತು. ಎರಡು ವರ್ಷ ನಾನು ಹೆದರಿ ಓಡಾಡಿದ ಕೆಲಸ ಅಷ್ಟರಲ್ಲೇ ಮುಗಿಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮನೇಲೇ ಯೋಳ್ಬೋದಾಗಿತ್ತಲ್ಲೋ. ಮೂರು ಸಂತೆ ತಿರುಗ್ಸಿ, ಬಸ್ಸು ಬೇರೆ ತಳ್ಳಿಸ್ದೆ" ಎಂದಳು. ನಾನು ಅಳುತ್ತಾ ನಕ್ಕೆ. ಆಮೇಲೆ ಅವಳೂ ಅತ್ತಳು.

ಭಾವನ ಕಂಬಳಿಯನ್ನು ಹೊದೆದೇ ಅವಳು ಉಳಿದ ಚಳಿಗಾಲಗಳನ್ನು ಕಳೆದಳು. ಕಳೆದ ವರ್ಷ ಅವಳೂ ಹೋದಳು. ಮೊನ್ನೆ ಹುಣಸೂರು ಸಂತೆಯಲ್ಲಿ ಸಿದ್ದಪ್ಪ, "ಕೂತ್ಕೊಳ್ಳಿ ಮೇಷ್ಟ್ರೇ, ನಿಮಗೊಂದು ನೋಡೇಬುಡಾನ" ಎಂದ. ಕೂತೆ. ಗಿಣಿ ಲಕ್ಷ್ಮಿಯನ್ನು ಎಳೆಯಿತು. "ಇದಲ್ಲಪ್ಪ, ಇನ್ನೊಂದು ತೆಗೆಸು" ಎಂದೆ. ಐದನೆಯದಕ್ಕೆ ಪಟೇಲರ ಮೀಸೆಯ ಅಂಬಿಗ ಬಂದ. ಸಿದ್ದಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಹೊಳೆ ದಾಟಿದವರು ಬಂದೇ ಬರುತ್ತಾರೆ." ಅದನ್ನು ಬರೆದವನನ್ನು ನಾನು ಚೆನ್ನಾಗಿ ಬಲ್ಲೆ, ಒಂದು ಕುಕ್ಕೆ ಅವರೆಕಾಯಿಗೆ ಏನು ಬೇಕಾದರೂ ಬರೆಯುವ ಮನುಷ್ಯ, ಅವನ ಮಾತನ್ನು ನಂಬಲೇಬಾರದು. "ಸಿದ್ದಪ್ಪ, ಇನ್ನೊಂದು ಸಲ ಓದಪ್ಪ" ಎಂದೆ.