ಐವತ್ತೈದು ನಿಮಿಷದ ನಡಿಗೆ

ಹೊತ್ತಿನ ವಿಷಯದಲ್ಲಿ ನನ್ನಷ್ಟು ಜಂಬ ಪಡುವವನು ಮದ್ದೂರಿನಲ್ಲಿ ಇನ್ನೊಬ್ಬನಿದ್ದರೆ, ಅವನೂ ನನ್ನ ಹಾಗೆಯೇ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿರಬೇಕು. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರಾಗಿದ್ದವನು ನಾನು. ಬೆಸಗರಹಳ್ಳಿಯ ಬಸ್ಸು, ಮಳವಳ್ಳಿಯ ಬಸ್ಸು, ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಅಟ್ಟಿದ್ದೇನೆ. ಆದರೆ ಮದುವೆಯಾದ ಹೊಸತರಲ್ಲಿ ಹೆಂಡತಿ ಜಯಮ್ಮ, "ನಮ್ಮೂರ್ಗೆ ಒಂದ್ಸತಿ ನಾಲೆ ಏರಿ ಮ್ಯಾಲೆ ನಡ್ಕಂಡ್ ಓಗಾಣ ಕಣ್ರೀ" ಎಂದು ಕೇಳಿದಾಗ, ಡ್ಯೂಟಿ ಇದೆ ಎಂದಿದ್ದೆ. ನಿವೃತ್ತನಾಗುವವರೆಗೂ ಅದನ್ನೇ ಹೇಳಿಕೊಂಡು ಬಂದೆ. ಆಮೇಲೆ ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚತೊಡಗಿತು. ತಪ್ಪಾಯಿತೆಂದು ಅವಳಿಗೆ ಒಂದು ಮಾತು ಹೇಳಬೇಕು, ಅದನ್ನೂ ಆ ಏರಿಯ ಮೇಲೆಯೇ ಹೇಳಬೇಕು ಎಂದು ಆಸೆಯಾಯಿತು.

ಹೋದ ತಿಂಗಳು ಕಾಗದ, ಪೆನ್ನು ಹಿಡಿದು ಕೂತೆ. ಹನಕೆರೆಯಲ್ಲಿ ರೈಲಿಳಿದರೆ ಅವಳ ತವರಿಗೆ ಎರಡು ಮೈಲಿ, ನಲವತ್ತು ನಿಮಿಷ. ಜಯಮ್ಮನ ಮಂಡಿನೋವಿಗೆ ಐದು. ಗದ್ದೆ, ಕೊಕ್ಕರೆ ಮುಂತಾದ ಸೌಂದರ್ಯಕ್ಕೆ ಐದು. ಕ್ಷಮಾಪಣೆಗೆ ಐದು. ಒಟ್ಟು ಐವತ್ತೈದು ನಿಮಿಷ. ಅಳು ಗಿಳು ಏನಾದರೂ ಬಂದರೆ ಕೊಕ್ಕರೆಗಳ ಪಾಲಿನಿಂದ ಮುರಿದುಕೊಳ್ಳುವುದು ಎಂದು ಕೆಳಗೆ ಬರೆದೆ.

ಮರುವಾರವೇ ಇಬ್ಬರೂ ಹನಕೆರೆಯಲ್ಲಿ ರೈಲಿಳಿದೆವು. ಏರಿ ಹತ್ತಿದ ಮೇಲೆ ಮಾತ್ರ ನಾನು ಯಾವ ಲೋಕದಲ್ಲಿದ್ದೆನೋ ತಿಳಿಯದು. ಇಳಿಬಿಸಿಲು ಕಬ್ಬಿನ ಸೂಲಂಗಿ ಹೂವಿನ ಮೇಲೆ ತೂಗುತ್ತಿತ್ತು. ಯಾವುದೋ ಆಲೆಮನೆಯಿಂದ ಬೆಲ್ಲ ಕಾಯುವ ಕಂಪು ಬಂದು, ನಡೆಯುತ್ತಲೇ ನಿದ್ದೆ ಹೋಗಬಹುದು ಅನ್ನಿಸಿತು. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ ನಡೆಯುವುದು ರೂಢಿ. ನಮ್ಮಪ್ಪ ಸಂತೆಯಿಂದ ಬಂದು, ಹಿಂದೆ ಅವ್ವ ಬರುತ್ತಿರುವುದನ್ನೇ ಮರೆತು ಬಾಗಿಲು ಹಾಕಿಕೊಂಡದ್ದುಂಟು. ಆ ದಿನ ಈ ರೂಢಿಯಿಂದ ನನಗೆ ಅನುಕೂಲವೇ ಆಯಿತು. ಮುಖ ನೋಡಿಕೊಂಡು ತಪ್ಪಾಯ್ತು ಅನ್ನುವ ಧೈರ್ಯ ನನಗೆಲ್ಲಿಂದ ಬರಬೇಕು?

ತಿರುಗಿ ನೋಡದೆಯೇ ಶುರುಮಾಡಿದೆ. "ಊರೋರ್ನೆಲ್ಲ ಬಸ್ ಹತ್ತಿಸ್ದೆ, ನಿನ್ನೊಬ್ಳನ್ನ ಎಲ್ಲೂ ಕರ್ಕೊಂಡ್ ಹೋಗ್ಲಿಲ್ಲ. ತಪ್ಪಾಯ್ತು ಕಣೇ. ಇನ್ಮೇಲೆ ನೀನು ಹೇಳಿದ್ ಕಡೆಗೇ ನಡಿಗೆ." ಹಿಂದಿನಿಂದ ಹೆಜ್ಜೆಯ ಸದ್ದು ಮೆತ್ತಗೆ ಬರುತ್ತಿತ್ತು. ಅಳುತ್ತಿದ್ದಾಳೇನೋ ಎಂದು ತಿರುಗಿದರೆ, ಹುಲ್ಲಿನ ಹೊರೆ ಹೊತ್ತ ಮುದುಕನೊಬ್ಬ ನಿಂತಿದ್ದ.

"ಯಾಕ್ ನಿಲ್ಲುಸ್ಬುಟ್ರಿ ಸೋಮಿ? ಯೋಳಿ, ಚೆಂದಾಗದೆ" ಎಂದ. "ಆಯಮ್ಮ ಆಗ್ಲೇ ತೂಬಿನ್ತಾವ ಯಾರೋ ಗೆಳ್ತಿ ಸಿಕ್ಕುದ್ರು ಅಂತ ಕುಂತ್ಕಂಡ್ರು. ನಡೀತಿರಿ ಬತ್ತೀನಿ ಅಂತ ಕೂಗುದ್ರಲ್ಲ, ನಿಮ್ಗೆ ಗ್ಯಾನವೇ ಇರ್ನಿಲ್ಲ. ಮಧ್ಯ ಬಾಯಾಕೋದು ಸರಿಯಲ್ಲ ಅಂತ ನಾನೂ ಸುಮ್ಕಿದ್ದೆ."

ಮುದುಕ ನನ್ನನ್ನು ದಾಟಿ ಊರಿನ ಕಡೆ ಹೋದ. ಜಯಮ್ಮ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಕೊಕ್ಕರೆಗಳನ್ನು ನೋಡಿದೆ. ಅವಳು ಬಂದ ಮೇಲೆ ಅದೇ ಮಾತನ್ನು ಇನ್ನೊಮ್ಮೆ ಆಡಲು ನಾಲಿಗೆ ಏಳಲಿಲ್ಲ.

ಭಾಮೈದನ ಮನೆ ಮುಟ್ಟಿದಾಗ ಜಗಲಿಯ ತುಂಬ ಜನ. ಆ ಮುದುಕನ ಹುಲ್ಲಿನ ಹೊರೆ ಇಳಿದದ್ದು ಪಕ್ಕದ ಮನೆಯಲ್ಲಂತೆ. ಭಾಮೈದನ ಹೆಂಡತಿ ನೀರಿನ ಚೊಂಬು ಕೊಡುತ್ತಾ, "ಅತ್ಗೆ, ಅಣ್ಣಾರು ಏರಿ ಮ್ಯಾಲೆ ನಿಮ್ಗೆ ತಪ್ಪಾಯ್ತು ಅಂದ್ರಂತೆ?" ಎಂದಳು.

ಜಯಮ್ಮ ನನ್ನ ಕಡೆ ತಿರುಗಿದಳು. "ಅಂಗಂದ್ರಾ? ನಾನೇ ಕೇಳ್ನಿಲ್ವಲ್ಲ. ಎಲ್ಲಿ, ಇನ್ನೊಂದ್ಸತಿ ಅನ್ನಿ."

ಜಗಲಿಯವರೆಲ್ಲ ನನ್ನ ಕಡೆ ಕತ್ತು ಚಾಚಿದರು. ನಿಲ್ದಾಣವೆಲ್ಲ ನಡುಗುವಂತೆ ಕೂಗುತ್ತಿದ್ದ ನನ್ನ ಬಾಯಿ ಒಣಗಿತು. ಆದರೂ ಅವಳ ಮುಖ ನೋಡಿಕೊಂಡೇ, "ತಪ್ಪಾಯ್ತು ಕಣೇ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದೆ ಹಗುರವಾಯಿತು. ಅರ್ಧ ನಿಮಿಷವೂ ಹಿಡಿಯದ ಕೆಲಸಕ್ಕೆ ಐದು ನಿಮಿಷ ಇಟ್ಟು ದುಂದು ಮಾಡಿದೆನಲ್ಲ ಎಂದುಕೊಂಡೆ.

ಕಾಫಿಯಾದ ಮೇಲೆ ಭಾಮೈದ ನಮ್ಮನ್ನು ಸ್ಟೇಷನ್ನಿಗೆ ಬಿಡಲು ಬೈಕು ತೆಗೆದ. "ಬ್ಯಾಡ ಕಣ್ಲಾ, ನಿಮ್ ಭಾವ್ನೋರು ನಡ್ಕಂಡೇ ಬತ್ತಾರೆ" ಎಂದಳು ಜಯಮ್ಮ. ಏರಿ ಹತ್ತಿದ್ದೇ ತಡ, ನನ್ನ ಪಕ್ಕಕ್ಕೆ ಬಂದು, "ತಪ್ಪಾಯ್ತು ಅಂದ್ರಲ್ಲ, ಯಾವ್ಯಾವ್ದುಕ್ಕೆ ಅಂತ ಒಂದೊಂದಾಗಿ ಯೋಳಿ ನೋಡಾಣ" ಎಂದಳು. ನಾನು ಮರೆತದ್ದನ್ನೆಲ್ಲ ಅವಳೇ ನೆನಪು ಮಾಡಿಕೊಟ್ಟಳು. ಹನಕೆರೆ ಸ್ಟೇಷನ್ನಿನ ದೀಪ ಕಾಣುವ ಹೊತ್ತಿಗೆ ನಾವಿನ್ನೂ ಮದುವೆಯಾದ ಮೂರನೆಯ ವರ್ಷದಲ್ಲಿದ್ದೆವು.