ನಮ್ಮನೆಗೆ ಕಿನೋವಾ ಬಂದ ಮೇಲೆ

ಮನೆಗೆ ಹೊಸ ಸೊಸೆ ಬಂದರೂ ಇಷ್ಟು ರಗಳೆ ಆಗುವುದಿಲ್ಲ, ಹೊಸ ಕಾಳು ಬಂದರೆ ಆಗುತ್ತದೆ. ಒಂದು ಮುಗಿಯಿತಪ್ಪಾ ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರಿನವರಿಗೆಲ್ಲ ಸೂಜಿ ಚುಚ್ಚಿ "ಶುಗರ್ ಜಾಸ್ತಿ ಐತ್ರಿ, ನೋಡ್ಕೊಳ್ರಿ" ಅನ್ನುತ್ತಿದ್ದವಳ ಕೈಗೆ ಒಂದು ದಿನ ಸ್ವಂತ ಗಂಡನ ರಿಪೋರ್ಟೇ ಬಂತು. ಸಕ್ಕರೆ ಗಡಿ ದಾಟಿರಲಿಲ್ಲ, ಗಡಿಯ ಮೇಲೆ ಕಾಲು ಚಾಚಿಕೊಂಡು ಕೂತಿತ್ತು. ಡಾಕ್ಟರು ನೋಡಿ, "ಮಾತ್ರೆ ಈಗಲೇ ಬೇಡ. ಮೂರು ತಿಂಗಳು ಊಟ ಬದಲಾಯಿಸಿ ನೋಡೋಣ. ಸಂಜೆ ಕರಿದಿದ್ದು ಬಿಟ್ಟು ಸಲಾಡ್ ತಿನ್ನಲಿ. ಕಿನೋವಾ ಅಂತ ಒಂದು ಕಾಳು ಬರುತ್ತೆ, ಸಿಕ್ಕರೆ ಹಾಕಿ ಮಾಡಿಕೊಡಿ, ಹೊಟ್ಟೆ ತುಂಬುತ್ತೆ" ಅಂದರು.

ನಮ್ಮ ಯಜಮಾನರದು ವಿನೋಬನಗರದಲ್ಲಿ ಜೆರಾಕ್ಸ್ ಅಂಗಡಿ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ಒಂದು ದಿನವೂ ಶಟರ್ ಎಳೆದವರಲ್ಲ. ಡಾಕ್ಟರ ಮಾತು ಕೇಳಿದ್ದೇ ಅವರ ಮುಖ ಇಂಕು ಮುಗಿದ ಜೆರಾಕ್ಸಿನ ಹಾಗೆ ಬಿಳಚಿಕೊಂಡಿತು.

ಚೀಟಿ ಐತೇನ್ರಿ?

ಮಾರನೆಯ ದಿನ ಲ್ಯಾಬಿನಿಂದ ಬರುವಾಗ ನಾವು ಯಾವಾಗಲೂ ಸಾಮಾನು ತರುವ ಕಿರಾಣಿ ಅಂಗಡಿಗೆ ಹೋದೆ.

"ಕಿನೋವಾ ಐತೇನ್ರಿ?"

ಅಂಗಡಿಯವರು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು. "ಯಾರಿಗೆ ಹುಷಾರಿಲ್ರಿ?"

"ನಮ್ಮ ಮನೆಯವ್ರಿಗೇರಿ. ಡಾಕ್ಟ್ರು ಹೇಳ್ಯಾರ."

"ಹಂಗಾರ ಪಕ್ಕದ ಮೆಡಿಕಲ್‌ನಾಗ ಕೇಳ್ರಿ. ನಾವು ಮಾತ್ರೆ ಇಡಂಗಿಲ್ಲ."

ಓಟ್ಸು, ಪ್ರೋಟೀನ್ ಪುಡಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಇಟ್ಟಿರುತ್ತಾರಲ್ಲ, ಇದೂ ಇದ್ದರೂ ಇರಬಹುದು ಅಂದುಕೊಂಡು ಅಲ್ಲಿಗೂ ಹೋದೆ. ಮೆಡಿಕಲ್‌ನವರು ಕಂಪ್ಯೂಟರಿನಲ್ಲಿ ಹುಡುಕಿದರು. "ಚೀಟಿ ಐತೇನ್ರಿ?" ಅಂದರು. ಇಲ್ಲ, ಬಾಯಲ್ಲೇ ಹೇಳಿದ್ದು ಅಂದೆ. ಮತ್ತೆ ಹುಡುಕಿದರು.

"ಈ ಹೆಸರಿಂದು ಸ್ಟಾಕ್ ಇಲ್ರಿ ಮೇಡಂ. ಬೇರೆ ಕಂಪನಿದು ಕೊಡ್ಲಾ? ಅದೂ ಅದೇ ಕೆಲಸ ಮಾಡ್ತೈತೆ. ಊಟಕ್ಕ ಮುಂಚೆ ತಗೊಳ್ಳೋದಾ, ಊಟ ಆದ ಮೇಲಾ?"

"ಅಣ್ಣಾರ, ಅದೇ ಊಟಾರೀ!" ಅಂದೆ.

ಕಡೆಗೆ ಅದು ಸಿಕ್ಕಿದ್ದು ಒಂದು ದೊಡ್ಡ ಸೂಪರ್ ಬಜಾರಿನ ಕಟ್ಟಕಡೆಯ ಕಪಾಟಿನಲ್ಲಿ. ಪೊಟ್ಟಣ ಕೈಗೆ ಸಿಕ್ಕಾಗ ಆದ ಸಮಾಧಾನಕ್ಕೆ ಬಿಲ್ಲು ಹಾಕುವ ಹುಡುಗಿಯ ಮುಂದೆ ಸುಮ್ಮನೆ ನಕ್ಕುಬಿಟ್ಟೆ. ಅವಳು ಪೊಟ್ಟಣ ತಿರುಗಿಸಿ, ಒಳಗಿನ ನವಣೆಯಂಥ ಸಣ್ಣ ಕಾಳು ನೋಡಿ ಮೆಲ್ಲಗೆ ಕೇಳಿದಳು: "ಆಂಟಿ, ಗಿಣಿ ಸಾಕೀರೇನ್ರಿ?"

ನೊರೆ

ಮೊದಲ ದಿನ ಕಿನೋವಾನ ಅಕ್ಕಿಯ ಹಾಗೆ ಒಂದು ನೀರಿನಲ್ಲಿ ಆಡಿಸಿ ಬೇಯಿಸಿದೆ. ಸೌತೆಕಾಯಿ, ಟೊಮ್ಯಾಟೊ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ ತಟ್ಟೆಗೆ ಬಡಿಸಿದೆ. ಯಜಮಾನರು ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ರುಚಿಗೆ ಮುಚ್ಚಿದರು ಅಂದುಕೊಂಡೆ.

"ಸಬಕಾರ ನೆಕ್ಕಿದಂಗ ಐತೆ," ಅಂದರು. "ಪಾತ್ರೆ ತಿಕ್ಕಾಕಿ ಸರಿಯಾಗಿ ತೊಳ್ದಿಲ್ಲ. ಸೋಪು ಹಂಗೇ ಉಳ್ದೈತೆ."

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬೆಳಿಗ್ಗೆ ಪಾತ್ರೆ ತಿಕ್ಕಲು ಬಂದಾಕೆಯ ಮುಂದೆಯೂ ಅದನ್ನೇ ಹೇಳಿದರು. ಆಕೆ ಕೈಯಲ್ಲಿದ್ದ ಬಕೇಟು ಠಪ್ಪನೆ ಕೆಳಗಿಟ್ಟಳು.

"ಇಷ್ಟು ವರ್ಷ ನಿಮ್ಮನಿ ಪಾತ್ರೆ ತಿಕ್ಕೀನಿ. ಒಂದು ದಿನ ಯಾರ ಬಾಯಾಗರ ಸೋಪು ಬಂದಿತ್ತೇನ್ರಿ? ನಾಳಿಂದ ಬೇರೆಯವ್ರನ್ನ ನೋಡ್ಕೊಳ್ರಿ."

ಗಂಡನ ಸಕ್ಕರೆ ಗಡಿಯಲ್ಲಿದ್ದರೆ ಮೂರು ತಿಂಗಳು ಟೈಮಾದರೂ ಇರುತ್ತದೆ. ಪಾತ್ರೆಯವಳು ಬಿಟ್ಟರೆ ಮಧ್ಯಾಹ್ನದವರೆಗೂ ಟೈಮಿಲ್ಲ. "ತಡಿಯವ್ವಾ, ನೋಡೇ ಬಿಡಾಣ" ಅಂತ ಆಕೆಯ ಕೈಯಲ್ಲೇ ಒಂದು ಬೋಗುಣಿ ತೊಳೆಸಿ, ಬಟ್ಟೆಯಲ್ಲಿ ಒರೆಸಿ, ಪೊಟ್ಟಣದಲ್ಲಿ ಉಳಿದಿದ್ದ ಕಿನೋವಾ ಅದಕ್ಕೆ ಸುರಿದು ನೀರು ಹಾಕಿ ಉಜ್ಜಿದೆ.

ಬುಸಬುಸನೆ ನೊರೆ ಎದ್ದಿತು! ಬಟ್ಟೆ ನೆನೆಸಿಟ್ಟ ಬಕೇಟಿನಂಥ ನೊರೆ. ನೀರು ಚೆಲ್ಲಿ ಮತ್ತೆ ಉಜ್ಜಿದೆ, ಮತ್ತೆ ನೊರೆ. ಪೊಟ್ಟಣ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಈ ಕಾಳಿನ ಮೈಮೇಲೇ ಸೋಪಿನಂಥ ಕಹಿ ಇರುತ್ತದೆ, ನೊರೆ ಹೋಗುವವರೆಗೆ ತೊಳೆಯಬೇಕು.

ಪಾತ್ರೆಯವಳು ಸೊಂಟದ ಮೇಲೆ ಕೈಯಿಟ್ಟು ಯಜಮಾನರನ್ನೇ ನೋಡಿದಳು. ಅವರು "ತಪ್ಪಾತವ್ವಾ" ಅಂತ ಪೇಪರಿನ ಹಿಂದೆ ಹೋದರು. ಆಕೆ ನಕ್ಕು ಬಕೇಟು ಎತ್ತಿಕೊಂಡಳು. ನನಗೆ ಹೋದ ಜೀವ ಬಂತು.

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮತ್ತೆ ಆಗ ಬಾಯಿ ಬಿಟ್ಟರು: "ಇದು ಅಂಟುವಾಳ ಕಾಯಿ ಜಾತಿದು ಐತೆ ನೋಡು. ಮೊದ್ಲು ತಲಿಗೆ ಹಾಕ್ಕೊಂಡು ಸ್ನಾನ ಮಾಡು. ಕೂದ್ಲು ಉಳಿದ್ರ ಆಮೇಲೆ ನನ್ನ ಮಗನ ಹೊಟ್ಟಿಗೆ ಹಾಕು."

ಮೊಲ

ಆವರಗೆರೆ ಕಡೆಯಿಂದ ದಿನಾ ಬೆಳಿಗ್ಗೆ ತರಕಾರಿ ಗಾಡಿ ತಳ್ಳಿಕೊಂಡು ಬರುವವನೊಬ್ಬ ಇದ್ದಾನೆ. ಮೊದಲೆಲ್ಲ ನಾನು ಆಲೂಗಡ್ಡೆ, ಬದನೆಕಾಯಿ ತಗೊಳ್ಳುತ್ತಿದ್ದೆ. ಈಗ ದಿನವೂ ಗಜ್ಜರಿ, ಸೌತೆಕಾಯಿ, ಮೂಲಂಗಿ ಸೊಪ್ಪು, ಕೊತ್ತಂಬರಿ, ಪುದೀನ. ಒಂದು ವಾರ ನೋಡಿದ, ಎರಡು ವಾರ ನೋಡಿದ. ಕೊನೆಗೆ ತಡೆಯಲಾಗಲಿಲ್ಲ.

"ಅಕ್ಕಾರ, ಮನ್ಯಾಗ ಮೊಲ ಸಾಕೀರೇನ್ರಿ?"

"ಹೂಂನಪ್ಪಾ, ಒಂದು ಐತೆ," ಅಂದೆ. "ಅಗೋ, ಅಲ್ಲಿ ಸ್ಕೂಟರ್ ಒರೆಸಾಕತ್ತೈತೆ ನೋಡು."

ಖಾಲಿ ಡಬ್ಬಿ

ನೊರೆ ಹೋಗುವಂತೆ ತೊಳೆದ ಮೇಲೆ ಸಲಾಡಿನ ಕಹಿಯೇನೋ ಹೋಯಿತು. ಬೇಯಿಸಿದ ಕಾಳನ್ನು ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿದ ಮೇಲೇ ತರಕಾರಿ ಬೆರೆಸಬೇಕು, ಇಲ್ಲವಾದರೆ ಸೌತೆಕಾಯಿ ಬೆವರುತ್ತದೆ. ಉಪ್ಪು, ನಿಂಬೆರಸ ಕಟ್ಟಕಡೆಗೆ. ಇದನ್ನೆಲ್ಲ ಕೆಡಿಸಿ ಕೆಡಿಸಿಯೇ ಕಲಿತೆ. ಸಂಜೆ ತಿನ್ನಲಿ ಅಂತ ಡಬ್ಬಿಗೆ ಹಾಕಿ ಯಜಮಾನರ ಅಂಗಡಿಗೆ ಕೊಟ್ಟು ಕಳಿಸತೊಡಗಿದೆ.

ಡಬ್ಬಿ ತೊಳೆದ ಹಾಗೆ ಖಾಲಿಯಾಗಿ ಬರುತ್ತಿತ್ತು. ಒಂದು ಕಾಳೂ ಉಳಿದಿರುತ್ತಿರಲಿಲ್ಲ. ಅದೇ ನನಗೆ ಅನುಮಾನ. ಮದುವೆಯಾದಾಗಿನಿಂದ ಈ ಮನುಷ್ಯ ಹಸಿ ಗಜ್ಜರಿ ಮುಟ್ಟಿದವರಲ್ಲ. ಅದೂ ಅಲ್ಲದೆ ನಮ್ಮ ಓಣಿಯ ಹಸುವೊಂದು ಇತ್ತೀಚೆಗೆ ಅವರ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಹಸುವಿನ ಶುಗರ್ ಇಳಿಸಲು ನಾನು ದಿನಾ ಬೆಳಿಗ್ಗೆ ಎದ್ದು ಪುದೀನ ಬಿಡಿಸುತ್ತಿದ್ದೇನಾ ಅಂತ ಹೊಟ್ಟೆ ಉರಿಯಿತು.

ಒಂದು ಸಂಜೆ ಲ್ಯಾಬಿನಿಂದ ಬೇಗ ಹೊರಟು, ಅಂಗಡಿ ಎದುರಿಗೆ ನಿಂತ ಆಟೋದ ಮರೆಯಲ್ಲಿ ನಿಂತೆ. ಯಜಮಾನರು ಡಬ್ಬಿ ತೆರೆದರು. ಚಮಚ ತಗೊಂಡರು. ತಿಂದರು! ಚಪ್ಪರಿಸಿ ತಿಂದರು! ಹಸು ಪಾಪ ರಸ್ತೆಯಲ್ಲಿ ಬಿದ್ದ ಕಾಗದ ಅಗಿಯುತ್ತ ನಿಂತಿತ್ತು. ಸುಮ್ಮನೆ ಅನುಮಾನ ಪಟ್ಟೆನಲ್ಲ ಅಂತ ಕಣ್ಣು ತುಂಬಿ ಬಂತು. ಎರಡು ಹೆಜ್ಜೆ ಮುಂದೆ ಹೋದೆ. ಆಗ ಅವರ ಎಡಗೈ ಕಾಣಿಸಿತು. ಎಡಗೈಯಲ್ಲಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ.

"ರೀ! ಇದೇನ್ರೀ ಇದು?"

ಬೆಚ್ಚಿಬಿದ್ದರು, ಬಜ್ಜಿ ಮಾತ್ರ ಬೀಳಲಿಲ್ಲ. "ಅಲ್ಲಾ ಮಾರಾಯ್ತಿ, ಸಲಾಡಿಗೆ ನಂಜ್ಕೊಳ್ಳಾಕ ಏನಾರ ಬ್ಯಾಡೇನು?"

ಈ ಕಥೆ ಕೇಳಿ ಅತ್ತೆ ತಾವೇ ಅಡುಗೆಮನೆಗೆ ಬಂದರು. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಚುಂಯ್ ಅನ್ನಿಸಿ ಸಲಾಡಿನ ಮೇಲೆ ಸುರಿದರು. "ಒಗ್ಗರಣಿ ಇಲ್ದಂಗ ಕೊಟ್ರ ಅವನಾರ ಏನ್ ಮಾಡ್ತಾನ?" ಅಂದರು. ಅವತ್ತಿನಿಂದ ಬಜ್ಜಿ ನಿಂತಿತು. ನಿಜವಾಗಿ ನಿಂತಿತು, ಬಜ್ಜಿ ಅಂಗಡಿಯವನೇ ಮನೆಗೆ ಬಂದು "ಸಾಹುಕಾರ್ರಿಗೆ ಹುಷಾರಿಲ್ಲೇನ್ರಿ?" ಅಂತ ವಿಚಾರಿಸಿಕೊಂಡು ಹೋದ.

ಮೂರು ತಿಂಗಳಾದ ಮೇಲೆ ಅವರ ರಕ್ತ ನಾನೇ ತೆಗೆದೆ. ರಿಪೋರ್ಟ್ ಬಂತು. ಸಕ್ಕರೆ ಗಡಿ ಬಿಟ್ಟು ಒಳ್ಳೆಯ ಹುಡುಗನ ಹಾಗೆ ಒಳಗೆ ಬಂದು ಕೂತಿತ್ತು. ಡಾಕ್ಟರು ಯಜಮಾನರ ಬೆನ್ನು ತಟ್ಟಿ, "ಬಹಳ ಚೆನ್ನಾಗಿದೆ, ಹೀಗೇ ಮುಂದುವರಿಸಿ" ಅಂದರು.

ಹೊರಗೆ ಬರುತ್ತ ಯಜಮಾನರು ನನ್ನ ಕಿವಿಯಲ್ಲಿ ಅಂದರು: "ಮುಂದುವರಿಸಾದೇ ಆದ್ರ, ಕಮ್ಮಿ ಆಗಿ ಏನು ಬಂತು?"

ಹರಿಹರದಲ್ಲಿ ಹುಳ

ಎಲ್ಲಕ್ಕಿಂತ ಹೆಚ್ಚು ಬೆವರಿದ್ದು ಹರಿಹರದಲ್ಲಿ. ನಮ್ಮಕ್ಕನ ಮನೆ ಅಲ್ಲಿದೆ. ಅಕ್ಕನ ಮಗಳು ಶಾಲೆಯಲ್ಲಿ ಟೀಚರು. ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿ ಅಕ್ಕ ಸೋತುಹೋಗಿದ್ದಳು. ಒಂದು ದಿನ ಫೋನ್ ಮಾಡಿದಳು.

"ಭಾನುವಾರ ಗಂಡಿನ ಕಡೆಯವ್ರು ಬರ್ತಾರ. ಭಾಳ ಒಳ್ಳೇ ಮನಿ. ಆದ್ರ ಹುಡುಗ ಜಿಮ್ಮಿಗೆ ಹೋಗ್ತಾನಂತ, ಉಪ್ಪಿಟ್ಟು ಕೇಸರಿಬಾತು ಮುಟ್ಟಂಗಿಲ್ಲಂತ. ನೀನು ಅದೇನೋ ಮಾಡ್ತೀಯಲ್ಲ, ಅದನ್ನ ಬಂದು ಮಾಡು."

ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹರಿಹರ ಮುಟ್ಟುವವರೆಗೂ ಕಿನೋವಾ ಪೊಟ್ಟಣ ತೊಡೆಯ ಮೇಲೇ ಇತ್ತು, ಮಗು ಕೂರಿಸಿಕೊಂಡ ಹಾಗೆ. ಅಕ್ಕನ ಅಡುಗೆಮನೆಯಲ್ಲಿ ಮೈಯೆಲ್ಲ ಕಣ್ಣಾಗಿ ಮಾಡಿದೆ. ದಾಳಿಂಬೆ ಕಾಳು ಉದುರಿಸಿದೆ, ಶೇಂಗಾ ಹುರಿದು ಹಾಕಿದೆ, ಗಾಜಿನ ಬಟ್ಟಲುಗಳಿಗೆ ತುಂಬಿದೆ. ನೋಡಿದರೆ ಫೋಟೋ ತೆಗೆಯಬೇಕು, ಹಾಗಿತ್ತು.

ಹುಡುಗ, ಅವನ ಅಪ್ಪ ಅಮ್ಮ, ಅವನ ಅಜ್ಜಿ ಬಂದರು. ಮಾತುಕತೆ ಚೆನ್ನಾಗಿ ನಡೆಯಿತು. ಬಟ್ಟಲು ಕೊಟ್ಟೆವು. ಅಜ್ಜಿ ಜೀವಮಾನವೆಲ್ಲ ಮೊರದಲ್ಲಿ ಅಕ್ಕಿ, ಜೋಳ ಆರಿಸಿದ ಕಣ್ಣಿನವರು. ಬಟ್ಟಲನ್ನು ಮೂಗಿನವರೆಗೆ ತಂದುಕೊಂಡರು.

"ಇದೇನವ್ವಾ, ಹುಳ ಬಿದ್ದೈತಲ್ಲ!"

ಹುಡುಗನ ಅಮ್ಮ ಬಾಯಿಯವರೆಗೆ ಹೋದ ಚಮಚ ಕೆಳಗಿಟ್ಟರು. ಅಕ್ಕ ಗೋಡೆ ಹಿಡಿದುಕೊಂಡಳು.

"ಹುಳ ಅಲ್ರಿ ಅಮ್ಮಾರ," ಅಂದೆ ನಾನು. "ಅದು ಕಾಳಿನ ಮೊಳಕಿರಿ. ಬೆಂದ ಮ್ಯಾಲೆ ಬಿಚ್ಕೊಂಡು ಸಣ್ಣ ಬಾಲದಂಗ ಹೊರಗ ಬರ್ತೈತ್ರಿ."

"ಬೆಳ್ಳಗೈತೆ, ಸುರುಳಿ ಸುತ್ಕೊಂಡೈತೆ, ಬಾಲ ಐತೆ ಅಂತ ನೀನೇ ಅಂತೀಯ. ಮತ್ತ ಹುಳ ಅಂದ್ರ ಹೆಂಗಿರ್ತೈತವ್ವಾ?"

ಲ್ಯಾಬಿನಲ್ಲಿ ದಿನಾ ಮೈಕ್ರೋಸ್ಕೋಪಿನಲ್ಲಿ ಏನೇನೋ ನೋಡುವವಳು ನಾನು. ಆ ಗಳಿಗೆಯಲ್ಲಿ ನನಗೂ ಅನುಮಾನ ಬಂತು.

ಅಜ್ಜಿ ತೀರ್ಪು ಕೊಟ್ಟರು. "ವಾದ ಬ್ಯಾಡ. ಹುಳ ಆದ್ರ ಅಲುಗಾಡ್ತೈತೆ. ಸುಮ್ನ ಕುಂತು ನೋಡಾಣ."

ಬಟ್ಟಲು ಟೀಪಾಯಿಯ ನಡುವೆ ಬಂತು. ಸುತ್ತ ಎಲ್ಲರ ತಲೆಗಳು. ಹುಡುಗ ಮೊಬೈಲ್ ಟಾರ್ಚು ಹಾಕಿದ. ಇದ್ದಕ್ಕಿದ್ದಂತೆ ಹುಡುಗನ ಅಪ್ಪ ಕೂಗಿದರು: "ಅಲುಗಾಡ್ತು!" ಕೊತ್ತಂಬರಿ ಎಲೆ. ನಮ್ಮ ಭಾವ ಓಡಿಹೋಗಿ ಫ್ಯಾನು ಆರಿಸಿದರು. ಮತ್ತೆ ತಲೆಗಳೆಲ್ಲ ಬಗ್ಗಿದವು.

ಅದೇ ಹೊತ್ತಿಗೆ ಹುಡುಗಿ ರೇಷ್ಮೆ ಸೀರೆಯುಟ್ಟು, ಕಾಫಿ ತಟ್ಟೆ ಹಿಡಿದು ಬಂದಳು. ಒಬ್ಬರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತಳು. ಬಳೆ ಸದ್ದು ಮಾಡಿದಳು. ಕೊನೆಗೆ ತಟ್ಟೆ ಪಕ್ಕಕ್ಕಿಟ್ಟು, ತಾನೂ ನಡುವೆ ತಲೆ ತೂರಿಸಿ ಕೇಳಿದಳು: "ಏನ್ ಕಳದೈತ್ರಿ?"

"ಹುಳ ಹುಡುಕಾಕತ್ತೀವಿ," ಅಂದ ಹುಡುಗ, ಕಣ್ಣು ಬಟ್ಟಲಿನ ಮೇಲೇ ಇಟ್ಟು.

ಅವಳು ಚಮಚ ತಗೊಂಡು ಅದೇ ಬಟ್ಟಲಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. "ಚಿಗವ್ವಾ, ಉಪ್ಪು ಸ್ವಲ್ಪ ಕಮ್ಮಿ ಆಗೈತೆ," ಅಂದಳು.

ಹುಡುಗ ಜೋರಾಗಿ ನಕ್ಕುಬಿಟ್ಟ. ಅವನ ಅಪ್ಪ ಗಂಟಲು ಸರಿಮಾಡಿಕೊಂಡು, "ಏನಪ್ಪಾ, ಹುಡುಗೀನ ನೋಡಿದ್ಯಲ್ಲ, ಹೆಂಗೆ?" ಅಂದರು.

"ಅಪ್ಪಾಜಿ, ಇಷ್ಟೊತ್ತೂ ಹುಳ ನೋಡಾಕತ್ತಿದ್ದೆ. ಹುಡುಗೀನ ಈಗ ನೋಡ್ತೀನಿ ತಡೀರಿ."

ನೋಡಿದ. ಇಬ್ಬರೂ ಪಡಸಾಲೆಗೆ ಹೋಗಿ ಮಾತಾಡಿದರು. ಅವನು ಒಳಗೆ ಬಂದು ಇನ್ನೊಂದು ಬಟ್ಟಲು ಸಲಾಡ್ ಕೇಳಿ ಹಾಕಿಸಿಕೊಂಡ. ಅಕ್ಕನ ಮುಖಕ್ಕೆ ಬಣ್ಣ ಬಂತು. ಎಲ್ಲರೂ ಒಪ್ಪಿದ ಹಾಗಿತ್ತು, ಅಜ್ಜಿಯೊಬ್ಬರನ್ನು ಬಿಟ್ಟು. ಹೊರಡುವಾಗ ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

"ಒಂದು ಸಣ್ಣ ಡಬ್ಬಿಗೆ ಸ್ವಲ್ಪ ಹಾಕ್ಕೊಡವ್ವಾ."

ನನಗೆ ಸ್ವರ್ಗವೇ ಸಿಕ್ಕಿತು. "ಸೇರಿತೇನ್ರಿ ಅಮ್ಮಾರ?"

"ತಿನ್ನಾಕಲ್ಲ. ಮುಚ್ಚಿಡ್ತೀನಿ. ಬೆಳಿಗ್ಗೆ ತೆಗ್ದು ನೋಡ್ತೀನಿ. ರೆಕ್ಕಿ ಬಂದಿಲ್ಲಂದ್ರ ಫೋನ್ ಮಾಡಿಸ್ತೀನಿ."

ಸಂಜೆಯ ಬಸ್ಸಿಗೆ ದಾವಣಗೆರೆಗೆ ವಾಪಸಾದೆ. ಆ ರಾತ್ರಿ ಅಕ್ಕನಿಗೆ ನಿದ್ದೆ ಬಂತೋ ಇಲ್ಲವೋ, ನನಗಂತೂ ಬರಲಿಲ್ಲ. ಬೆಳಿಗ್ಗೆ ಲ್ಯಾಬಿಗೆ ಬಂದೆ. ಶನಿವಾರ ಒಮ್ಮೆ ರಕ್ತ ಕೊಟ್ಟು ಹೋಗಿದ್ದ ಹಿರಿಯರೊಬ್ಬರು ಹೊಲದಿಂದ ನೇರ ಬಂದು, ಇನ್ನೊಂದು ಪರೀಕ್ಷೆಗೆ ತೋಳು ಚಾಚಿ ಕೂತಿದ್ದರು. ಅವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ್ದೆ, ಅಷ್ಟರಲ್ಲಿ ಫೋನ್ ಬಂತು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಜ್ಜಿ ಒಪ್ಪಿದ್ರಂತ! ರೆಕ್ಕಿ ಬಂದಿಲ್ಲಂತ!"

ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. "ಬಂದಿಲ್ಲಾ? ರೆಕ್ಕಿ ಬಂದಿಲ್ಲಾ? ಸದ್ಯ! ಬಾಲ ಅಷ್ಟೇ ಅಲ್ಲಾ? ಬಾಲ ಇದ್ರ ಏನೂ ತೊಂದ್ರಿಲ್ಲ ಬಿಡು, ಲಗ್ನ ಮಾಡಬೋದು!" ಅಂತ ಕೂಗಿ ಫೋನ್ ಇಟ್ಟೆ.

ತಿರುಗಿ ನೋಡಿದರೆ ತೋಳು ಚಾಚಿದ ಹಿರಿಯರು ಅರ್ಧ ಎದ್ದು ನಿಂತಿದ್ದರು.

"ಮೇಡಂ," ಅಂದರು, "ಅದು ನನ್ನ ರಿಪೋರ್ಟೇನ್ರಿ?"